ಖಾಕಿಯೋ, ಆಲಿವ್ ಹಸಿರೋ: ಸಮವಸ್ತ್ರ ಬಯಸುವ ಟ್ರಾನ್ಸ್ ಅಭ್ಯರ್ಥಿ ಯಾವ ಬಾಗಿಲು ತಟ್ಟಬೇಕು?

ಆನ್‌ಲೈನ್ ಅರ್ಜಿಯಲ್ಲಿ ‘ಲಿಂಗ’ ಎಂಬ ಕಾಲಂ ಇರುತ್ತದೆ. ಅದರ ಪಕ್ಕದ ಪುಟ್ಟ ಬಾಣ ಒತ್ತಿದರೆ ಎರಡು ಸಾಲು ಬಿಚ್ಚಿಕೊಳ್ಳುತ್ತದೋ ಮೂರು ಸಾಲೋ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಸಂವಿಧಾನದ 14, 15, 16ನೇ ವಿಧಿಗಳು, ಮೂರನೇ ಲಿಂಗಕ್ಕೆ ಮಾನ್ಯತೆ ಕೊಟ್ಟ ಸುಪ್ರೀಂ ಕೋರ್ಟಿನ 2014ರ ಏಪ್ರಿಲ್ 15ರ ನಾಲ್ಸಾ ತೀರ್ಪು, 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣಾ ಕಾಯ್ದೆ ಎಲ್ಲವೂ ಅಭ್ಯರ್ಥಿಯ ಪರವೇ ಮಾತಾಡುತ್ತವೆ. ಆದರೆ ಮೈದಾನದಲ್ಲಿ ಟೇಪು ಹಿಡಿದು ನಿಂತವರು ಸಂವಿಧಾನ ಓದಿ ಎತ್ತರ ಅಳೆಯುವುದಿಲ್ಲ, ಅಧಿಸೂಚನೆ ನೋಡಿ ಅಳೆಯುತ್ತಾರೆ. ಹಾಗಾಗಿ ಸೇನೆ, ಕೇಂದ್ರ ಸಶಸ್ತ್ರ ಪಡೆ, ರಾಜ್ಯ ಪೊಲೀಸ್ ಈ ಮೂರನ್ನೂ ಹಕ್ಕಿನ ಲೆಕ್ಕದಲ್ಲಿ ಅಲ್ಲ, ನೇಮಕಾತಿಯ ಲೆಕ್ಕದಲ್ಲಿ ಹೋಲಿಸುತ್ತೇವೆ. ಕೇಳಬೇಕಾದ ಪ್ರಶ್ನೆ ಮೂರೇ. ನಿಮ್ಮ ಗುರುತಿಗೆ ಕಾಲಂ ಇದೆಯೇ? ನಿಮ್ಮ ದೇಹವನ್ನು ಯಾರ ಅಳತೆಗೋಲಿನಲ್ಲಿ ಅಳೆಯುತ್ತಾರೆ? ಸೇರಿದ ಮೇಲೆ ಗುರುತು ಹೊರಬಿದ್ದರೆ ಕೆಲಸ ಉಳಿಯುತ್ತದೆಯೇ?

ಸೇನೆ: ಕನಸು ದೊಡ್ಡದು, ಬಾಗಿಲು ಮುಚ್ಚಿದೆ

1950ರ ಸೇನಾ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ವಿಭಾಗಗಳಿಗೆ ಮಾತ್ರ ಹೆಣ್ಣುಮಕ್ಕಳು ಸೇರಬಹುದು. ವಾಯುಪಡೆ, ನೌಕಾಪಡೆಯ ಕಾಯ್ದೆಗಳಲ್ಲೂ ಇದೇ ಬಗೆಯ ಸೆಕ್ಷನ್‌ಗಳಿವೆ. ಅಂದರೆ ಕಾನೂನೇ ಜಗತ್ತನ್ನು ಗಂಡು, ಹೆಣ್ಣು ಎಂದು ಎರಡಾಗಿ ಸೀಳಿಟ್ಟಿದೆ. ಮೂರನೆಯವರನ್ನು ಅದು ನಿಷೇಧಿಸಿಲ್ಲ, ಕಂಡೇ ಇಲ್ಲ. ಕೋರ್ಟಿನಲ್ಲಿ ನಿಷೇಧವನ್ನು ಪ್ರಶ್ನಿಸುವುದು ಸುಲಭ. ಕಾಣದಿರುವುದನ್ನು ಪ್ರಶ್ನಿಸುವುದು ಕಷ್ಟ.

2022ರಿಂದ ಸಾಮಾನ್ಯ ಸಿಪಾಯಿ ಹುದ್ದೆಗೆ ಇರುವ ದಾರಿ ಅಗ್ನಿವೀರ ಯೋಜನೆ. ವಯಸ್ಸು ಹದಿನೇಳೂವರೆಯಿಂದ 21, ಸೇವೆ 4 ವರ್ಷ, ಆಮೇಲೆ ಹೆಚ್ಚೆಂದರೆ ಶೇ 25 ಮಂದಿಗೆ ಕಾಯಂ ಅವಕಾಶ. ಭೂಸೇನೆಯಲ್ಲಿ ಸಿಪಾಯಿ ದರ್ಜೆಯ ಹೆಣ್ಣುಮಕ್ಕಳಿಗೆ ತೆರೆದಿರುವುದು ಮಿಲಿಟರಿ ಪೊಲೀಸ್ ವಿಭಾಗ. ಅದಕ್ಕೆ ಎತ್ತರ 162 ಸೆಂಟಿಮೀಟರ್, 1.6 ಕಿಲೋಮೀಟರ್ ಓಟ ಎಂಟು ನಿಮಿಷದೊಳಗೆ. ಲಿಂಗ ‘ಮಹಿಳೆ’ ಎಂದು ತಿದ್ದಿಸಿಕೊಂಡ ಟ್ರಾನ್ಸ್ ಮಹಿಳೆ ಇದಕ್ಕೆ ಅರ್ಜಿ ಹಾಕಬಹುದಲ್ಲವೇ ಎಂದು ಹಲವರು ಕೇಳುತ್ತಾರೆ. ಕಾಗದದ ಮೇಲೆ ವಾದ ಚೆನ್ನಾಗಿದೆ. ಅದು ಎಡವುವುದು ವೈದ್ಯಕೀಯ ತಪಾಸಣೆಯಲ್ಲಿ. ಸೇನೆಯ ತಪಾಸಣೆ ಅಂಗಾಂಗಗಳನ್ನೇ ನೋಡುತ್ತದೆ, ಶಸ್ತ್ರಚಿಕಿತ್ಸೆಯ ಗುರುತುಗಳಿಗೆ ವಿವರಣೆ ಕೇಳುತ್ತದೆ. ಪುರುಷ ಅಭ್ಯರ್ಥಿಗಳಲ್ಲಿ ಎರಡೂ ವೃಷಣ ಕೆಳಗಿಳಿಯದಿದ್ದರೆ ಅದೇ ಅನರ್ಹತೆಗೆ ಸಾಕು. ಇಂಥ ಮಾನದಂಡ ಬರೆದವರ ಮನಸ್ಸಿನಲ್ಲಿ ಟ್ರಾನ್ಸ್ ದೇಹಕ್ಕೆ ಜಾಗವಿರಲಿಲ್ಲ.

ಒಳಗಿದ್ದವರ ಕಥೆ ಏನಾಯಿತು ಎನ್ನುವುದಕ್ಕೆ ವಿಶಾಖಪಟ್ಟಣದ ಪ್ರಕರಣವಿದೆ. 2010ರಲ್ಲಿ ನೌಕಾಪಡೆ ಸೇರಿದ್ದ ನಾವಿಕರೊಬ್ಬರು ರಜೆಯಲ್ಲಿ ಲಿಂಗ ಪರಿವರ್ತನೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. 2017ರ ಅಕ್ಟೋಬರ್‌ನಲ್ಲಿ ನೌಕಾಪಡೆ ಅವರನ್ನು ‘ಸೇವೆ ಇನ್ನು ಅಗತ್ಯವಿಲ್ಲ’ ಎಂಬ ಕಲಮಿನಡಿ ಬಿಡುಗಡೆ ಮಾಡಿತು. ಕೆಲಸದಲ್ಲಿ ತಪ್ಪು ಕಂಡಿದ್ದಕ್ಕಲ್ಲ, ಯಾವ ಲಿಂಗದವರೆಂದು ನೇಮಿಸಿಕೊಂಡಿದ್ದರೋ ಅದು ಬದಲಾಯಿತು ಎಂಬುದಕ್ಕೆ. ಸಿಪಾಯಿ, ನಾವಿಕ ದರ್ಜೆಯವರಿಗೆ ಪಿಂಚಣಿ ಬರಲು 15 ವರ್ಷ ಸೇವೆ ಬೇಕು. ಏಳು ವರ್ಷಕ್ಕೆ ಹೊರಬಂದರೆ ಕೆಲಸದ ಜೊತೆ ಅದೂ ಹೋಯಿತು. ಈಗ ಮೂರು ಪಡೆಗಳಲ್ಲಿ ಯಾವುದರಲ್ಲೇ ಇರುವವರಿಗೆ ನಮ್ಮ ಸಲಹೆ ಒಂದೇ: ಹಾರ್ಮೋನಿಗಿಂತ ಮೊದಲು ಸೇನಾ ನ್ಯಾಯಮಂಡಳಿಯಲ್ಲಿ ವಾದಿಸುವ ವಕೀಲರನ್ನು ಕಾಣಿ. ಅನುಮತಿ ಇಲ್ಲದ ರಜೆ, ಮಾಹಿತಿ ಮುಚ್ಚಿಟ್ಟ ಆರೋಪ ಇವೆರಡೂ ಲಿಂಗದ ಪ್ರಶ್ನೆಗೆ ಅಂಟಿಕೊಂಡರೆ ಪ್ರಕರಣ ಹಾಳಾಗುತ್ತದೆ.

ಎನ್‌ಸಿಸಿಯನ್ನೂ ಇಲ್ಲೇ ಮುಗಿಸಿಬಿಡೋಣ. 1948ರ ಎನ್‌ಸಿಸಿ ಕಾಯ್ದೆಯ 6ನೇ ಸೆಕ್ಷನ್ ಗಂಡು ವಿದ್ಯಾರ್ಥಿ, ಹೆಣ್ಣು ವಿದ್ಯಾರ್ಥಿ ಎಂದಷ್ಟೇ ಹೇಳುತ್ತದೆ. 2021ರ ಮಾರ್ಚ್‌ನಲ್ಲಿ ಕೇರಳ ಹೈಕೋರ್ಟ್‌ನ ಏಕಸದಸ್ಯ ಪೀಠ ಟ್ರಾನ್ಸ್ ಮಹಿಳೆಯೊಬ್ಬರಿಗೆ ಅರ್ಜಿ ಹಾಕಲು ಅವಕಾಶ ಕೊಟ್ಟಿತು. ಒಂದು ತೀರ್ಪಿನಿಂದ ಕಾಯ್ದೆಯ ಭಾಷೆ ಬದಲಾಗದು. ಎನ್‌ಸಿಸಿಯ ಅತ್ಯುನ್ನತ ‘ಸಿ’ ಸರ್ಟಿಫಿಕೇಟ್ ನೆಚ್ಚಿಕೊಂಡು ಕಾಲೇಜಿನ ಮೂರು ವರ್ಷದ ಯೋಜನೆ ಹಾಕಬೇಡಿ.

ಕೇಂದ್ರ ಪಡೆಗಳು: ಬಾಗಿಲಿನ ಹಿಂದೆ ಮಾತುಕತೆ

ಸಿಆರ್‌ಪಿಎಫ್, ಬಿಎಸ್‌ಎಫ್, ಸಿಐಎಸ್‌ಎಫ್, ಐಟಿಬಿಪಿ, ಎಸ್‌ಎಸ್‌ಬಿ ಇವೆಲ್ಲ ಗೃಹ ಸಚಿವಾಲಯದ ಕೆಳಗಿವೆ, ರಕ್ಷಣಾ ಸಚಿವಾಲಯದ ಕೆಳಗಲ್ಲ. ಈ ವ್ಯತ್ಯಾಸ ಮುಖ್ಯ. 2020ರ ಏಪ್ರಿಲ್‌ನಲ್ಲಿ ಕೇಂದ್ರದ ಸಿಬ್ಬಂದಿ ಇಲಾಖೆ, ಪರೀಕ್ಷಾ ನಿಯಮಗಳಲ್ಲಿ ಟ್ರಾನ್ಸ್‌ಜೆಂಡರ್ ವರ್ಗ ಸೇರಿಸುವಂತೆ ಎಲ್ಲ ಇಲಾಖೆಗಳಿಗೆ ಸೂಚಿಸಿತು. ಅದೇ ಜುಲೈನಲ್ಲಿ ಗೃಹ ಸಚಿವಾಲಯ ಅಸಿಸ್ಟೆಂಟ್ ಕಮಾಂಡೆಂಟ್ ಹುದ್ದೆಗೆ ಟ್ರಾನ್ಸ್ ಅಭ್ಯರ್ಥಿಗಳನ್ನು ತೆಗೆದುಕೊಳ್ಳುವ ಬಗ್ಗೆ ಪಡೆಗಳ ಅಭಿಪ್ರಾಯ ಕೇಳಿತು. ಸೇನೆಯಲ್ಲಿ ಇಷ್ಟೂ ಆಗಿಲ್ಲ.

ಆದರೆ ಅಭಿಪ್ರಾಯ ಕೇಳುವುದಕ್ಕೂ ಅಳತೆಪಟ್ಟಿ ಬದಲಿಸುವುದಕ್ಕೂ ನಡುವೆ ದೂರ ಬಹಳ. ಎಸ್‌ಎಸ್‌ಸಿ (ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ) ನಡೆಸುವ ಜಿಡಿ, ಅಂದರೆ ಸಾಮಾನ್ಯ ಕರ್ತವ್ಯದ ಕಾನ್‌ಸ್ಟೆಬಲ್ ನೇಮಕಾತಿಯ ದೇಹದಾರ್ಢ್ಯ ಪಟ್ಟಿ ಎರಡೇ ಅಳತೆಯದು: ಗಂಡಸರಿಗೆ 170 ಸೆಂಟಿಮೀಟರ್ ಮತ್ತು 5 ಕಿಲೋಮೀಟರ್ ಓಟ 24 ನಿಮಿಷದಲ್ಲಿ, ಹೆಂಗಸರಿಗೆ 157 ಸೆಂಟಿಮೀಟರ್ ಮತ್ತು 1.6 ಕಿಲೋಮೀಟರ್ ಎಂಟೂವರೆ ನಿಮಿಷದಲ್ಲಿ. ಯುಪಿಎಸ್‌ಸಿಯ ಅಸಿಸ್ಟೆಂಟ್ ಕಮಾಂಡೆಂಟ್ ಪರೀಕ್ಷೆಯಲ್ಲಿ ಗಂಡಸರು 800 ಮೀಟರನ್ನು 3 ನಿಮಿಷ 45 ಸೆಕೆಂಡಿನಲ್ಲಿ ಓಡಬೇಕು, ಹೆಂಗಸರಿಗೆ 4 ನಿಮಿಷ 45 ಸೆಕೆಂಡ್ ಇದೆ. ಗುಂಡು ಎಸೆತ ಗಂಡಸರಿಗೆ ಮಾತ್ರ. ನೋಂದಣಿ ಪುಟದಲ್ಲಿ ಮೂರನೇ ಆಯ್ಕೆ ಕಂಡರೂ ಹಿಗ್ಗಬೇಡಿ. ಅದೇ ಆಯ್ಕೆ ದೇಹದಾರ್ಢ್ಯ ಪಟ್ಟಿಯಲ್ಲೂ ಖಾಲಿ ಹುದ್ದೆಗಳ ಹಂಚಿಕೆಯಲ್ಲೂ ಬಂದಿದೆಯೇ ನೋಡಿ. ಮೂರೂ ಕಡೆ ಇದ್ದರೆ ಮಾತ್ರ ಅದು ಬಾಗಿಲು. ಒಂದೇ ಕಡೆ ಇದ್ದರೆ ಗೋಡೆಗೆ ಬರೆದ ಬಾಗಿಲಿನ ಚಿತ್ರ.

ಈ ದಾರಿಯಲ್ಲಿ ಕನ್ನಡದ ಅಭ್ಯರ್ಥಿಗೆ ಒಂದು ಲಾಭವಿದೆ. 2024ರಿಂದ ಜಿಡಿ ಕಾನ್‌ಸ್ಟೆಬಲ್ ಲಿಖಿತ ಪರೀಕ್ಷೆ ಕನ್ನಡದಲ್ಲೂ ನಡೆಯುತ್ತಿದೆ. ರಾಜ್ಯದ ಪರೀಕ್ಷೆಗೆ ಓದುತ್ತಿರುವವರು ಇದನ್ನೂ ಬರೆದರೆ ನಷ್ಟವಿಲ್ಲ. ವಯಸ್ಸು ಮಾತ್ರ 18ರಿಂದ 23, ಪರಿಶಿಷ್ಟರಿಗೆ ಹಿಂದುಳಿದವರಿಗೆ ಸಡಿಲಿಕೆ ಸೇರಿಸಿ.

ಕರ್ನಾಟಕ ಪೊಲೀಸ್: ನಿಜವಾಗಿ ತೆರೆದಿರುವ ಬಾಗಿಲು

ಇದು ತಾನಾಗಿ ತೆರೆದದ್ದಲ್ಲ. 2020ರಲ್ಲಿ ವಿಶೇಷ ಮೀಸಲು ಕಾನ್‌ಸ್ಟೆಬಲ್ ಮತ್ತು ಬ್ಯಾಂಡ್ಸ್‌ಮನ್ ಹುದ್ದೆಗಳಿಗೆ ಹೊರಟ ಅಧಿಸೂಚನೆಯಲ್ಲಿ ಗಂಡು, ಹೆಣ್ಣು ಎಂದಷ್ಟೇ ಇತ್ತು. ಲೈಂಗಿಕ ಅಲ್ಪಸಂಖ್ಯಾತರ ಹಕ್ಕಿಗಾಗಿ ದುಡಿಯುವ ಬೆಂಗಳೂರಿನ ‘ಸಂಗಮ’ ಸಂಸ್ಥೆ ಹೈಕೋರ್ಟ್ ಮೆಟ್ಟಿಲೇರಿತು. ಆ ಪ್ರಕರಣದ ಫಲವಾಗಿ ಸರ್ಕಾರ 2021ರ ಜುಲೈನಲ್ಲಿ 1977ರ ಸಾಮಾನ್ಯ ನೇಮಕಾತಿ ನಿಯಮಗಳ 9ನೇ ನಿಯಮಕ್ಕೆ ತಿದ್ದುಪಡಿ ತಂದು ಶೇ 1ರಷ್ಟು ಸಮತಲ ಮೀಸಲಾತಿ ಕೊಟ್ಟಿತು. ಸರ್ಕಾರಿ ನೌಕರಿಯಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ಕರ್ನಾಟಕ.

‘ಸಮತಲ’ ಎಂಬ ಪದವನ್ನು ಅಭ್ಯರ್ಥಿಗಳು ಹಗುರವಾಗಿ ಓದಿ ಮುಂದೆ ಹೋಗುತ್ತಾರೆ. ಅದರ ಅರ್ಥ ಇಷ್ಟು: ಟ್ರಾನ್ಸ್‌ಜೆಂಡರ್ ಎಂಬುದು ಬೇರೆಯೇ ಒಂದು ಜಾತಿಪಟ್ಟಿ ಅಲ್ಲ. ಸಾಮಾನ್ಯ ವರ್ಗ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗದ ಪ್ರತಿ ಪ್ರವರ್ಗದ ಒಳಗೂ ಶೇ 1. ಆದ್ದರಿಂದ ಟ್ರಾನ್ಸ್ ಗುರುತಿನ ಚೀಟಿ ಇದ್ದರೆ ಸಾಕು ಎಂದುಕೊಂಡು ಜಾತಿ ಪ್ರಮಾಣಪತ್ರ ಬಿಟ್ಟರೆ ನೀವು ಸಾಮಾನ್ಯ ವರ್ಗದ ಒಂದು ಪಾಲಿಗೆ ಹೋರಾಡುತ್ತೀರಿ, ನಿಮ್ಮ ಪ್ರವರ್ಗದ ಸೀಟು ಖಾಲಿ ಉಳಿಯುತ್ತದೆ. ಖಾಲಿ ಉಳಿದದ್ದು ಮುಂದಿನ ವರ್ಷಕ್ಕೂ ಹೋಗುವುದಿಲ್ಲ. ಅರ್ಹರು ಸಿಗದಿದ್ದರೆ ಅದೇ ಪ್ರವರ್ಗದ ಗಂಡು ಅಥವಾ ಹೆಣ್ಣು ಅಭ್ಯರ್ಥಿಗೆ ಕೊಡಬಹುದು ಎಂದು ನಿಯಮವೇ ಹೇಳಿದೆ.

ಮೊದಲ ಫಲ 2021ರ ಡಿಸೆಂಬರ್‌ನಲ್ಲೇ ಬಂತು. ಕೆಎಸ್‌ಆರ್‌ಪಿ (ರಾಜ್ಯ ಮೀಸಲು ಪೊಲೀಸ್) ಮತ್ತು ಐಆರ್‌ಬಿಯ (ಇಂಡಿಯಾ ರಿಸರ್ವ್ ಬೆಟಾಲಿಯನ್) 70 ವಿಶೇಷ ಆರ್‌ಎಸ್‌ಐ (ರಿಸರ್ವ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳಲ್ಲಿ 5 ‘ಪುರುಷ ತೃತೀಯ ಲಿಂಗ’ದವರಿಗೆ. 2022ರ ಸಶಸ್ತ್ರ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ 3,484 ಹುದ್ದೆಗಳಲ್ಲಿ 79. ಆದರೆ ಆ ‘ಪುರುಷ ತೃತೀಯ ಲಿಂಗ’ ಎಂಬ ಪದ ನೋಡಿ. ಹುಟ್ಟಿದಾಗ ಗಂಡೆಂದು ಬರೆಸಿಕೊಂಡ ಟ್ರಾನ್ಸ್ ಮಹಿಳೆಯೇ? ಹೆಣ್ಣೆಂದು ಬರೆಸಿಕೊಂಡು ಈಗ ಗಂಡಾಗಿ ಬದುಕುವ ಟ್ರಾನ್ಸ್ ಪುರುಷನೇ? ಗಂಡಸರಿಗಷ್ಟೇ ಇದ್ದ ಹುದ್ದೆಯ ಅಧಿಸೂಚನೆಗೆ ಮೂರನೇ ಲಿಂಗವನ್ನು ತೇಪೆ ಹಾಕಿದಾಗ ಹುಟ್ಟಿದ ಪದ ಇದು ಎಂದು ನಮ್ಮ ಅಂದಾಜು. ನಿಮ್ಮ ನೇಮಕಾತಿಯಲ್ಲಿ ಈ ಪದ ಕಂಡರೆ ಊಹೆ ಮಾಡಬೇಡಿ. ಕೊನೆಯ ದಿನಾಂಕಕ್ಕೆ ಕನಿಷ್ಠ ಹತ್ತು ದಿನ ಮೊದಲು ನೇಮಕಾತಿ ವಿಭಾಗಕ್ಕೆ ಇಮೇಲ್ ಮತ್ತು ರಿಜಿಸ್ಟರ್ಡ್ ಅಂಚೆ ಎರಡರಲ್ಲೂ ಪ್ರಶ್ನೆ ಕಳಿಸಿ: ನನ್ನ ಪ್ರಮಾಣಪತ್ರ ಇಂಥದ್ದು, ನಾನು ಯಾವ ಕಾಲಂ ಆರಿಸಬೇಕು, ದೇಹದಾರ್ಢ್ಯ ಪರೀಕ್ಷೆಗೆ ಯಾವ ಮಾನದಂಡ? ಉತ್ತರ ಬಾರದಿದ್ದರೂ ಸ್ವೀಕೃತಿ ಚೀಟಿ ಇಟ್ಟುಕೊಳ್ಳಿ. ಮುಂದೆ ಅರ್ಜಿ ತಿರಸ್ಕೃತವಾದರೆ ಕೋರ್ಟಿನಲ್ಲಿ ಅದಕ್ಕಿಂತ ಒಳ್ಳೆಯ ಕಾಗದ ಇರುವುದಿಲ್ಲ.

ಮಾನದಂಡದ ಪ್ರಶ್ನೆ ಏಕೆ ಇಷ್ಟು ದೊಡ್ಡದು ಎಂದರೆ, ರಾಜ್ಯದ ಕಾನ್‌ಸ್ಟೆಬಲ್ ಪರೀಕ್ಷೆಯಲ್ಲಿ ಎರಡು ಪಟ್ಟಿಗಳ ಅಂತರವೇ ದೊಡ್ಡದು. ಗಂಡಸರಿಗೆ 168 ಸೆಂಟಿಮೀಟರ್ ಎತ್ತರ, 86 ಸೆಂಟಿಮೀಟರ್ ಎದೆ (5 ಸೆಂಟಿಮೀಟರ್ ಹಿಗ್ಗಬೇಕು), 1,600 ಮೀಟರ್ ಓಟ ಆರೂವರೆ ನಿಮಿಷದಲ್ಲಿ, ಉದ್ದ ಜಿಗಿತ 3.80 ಮೀಟರ್ ಅಥವಾ ಎತ್ತರ ಜಿಗಿತ 1.20 ಮೀಟರ್, 7.26 ಕಿಲೋ ಗುಂಡು 5.60 ಮೀಟರ್ ದೂರಕ್ಕೆ. ಹೆಂಗಸರಿಗೆ 157 ಸೆಂಟಿಮೀಟರ್, 45 ಕಿಲೋ ತೂಕ, 400 ಮೀಟರ್ ಎರಡು ನಿಮಿಷದಲ್ಲಿ, ಉದ್ದ ಜಿಗಿತ 2.50 ಅಥವಾ ಎತ್ತರ ಜಿಗಿತ 0.90, 4 ಕಿಲೋ ಗುಂಡು 3.75 ಮೀಟರ್. ತಪ್ಪು ಪಟ್ಟಿಗೆ ಆರು ತಿಂಗಳು ತಾಲೀಮು ಮಾಡಿದರೆ ಆರು ತಿಂಗಳು ಹೋದಂತೆಯೇ. ನಾವು ಹೇಳುವುದು: ಉತ್ತರ ಸಿಗುವವರೆಗೂ ಕಷ್ಟದ ಪಟ್ಟಿಗೇ ತಯಾರಾಗಿ.

ಸಶಸ್ತ್ರ ಕಾನ್‌ಸ್ಟೆಬಲ್‌ಗೆ ಎಸ್‌ಎಸ್‌ಎಲ್‌ಸಿ, ಸಿವಿಲ್ ಕಾನ್‌ಸ್ಟೆಬಲ್‌ಗೆ ಪಿಯುಸಿ, ಪಿಎಸ್‌ಐಗೆ ಪದವಿ. ಕಾನ್‌ಸ್ಟೆಬಲ್ ವಯೋಮಿತಿ ಸಾಮಾನ್ಯರಿಗೆ 25, ಪರಿಶಿಷ್ಟ ಮತ್ತು ಹಿಂದುಳಿದವರಿಗೆ 27 ಎಂದು ಈ ಹಿಂದಿನ ಅಧಿಸೂಚನೆಗಳಲ್ಲಿತ್ತು. ಅಗ್ನಿವೀರದ 21ಕ್ಕೆ ಹೋಲಿಸಿದರೆ ಈ ನಾಲ್ಕಾರು ವರ್ಷ ದೊಡ್ಡದು. ಮನೆ ಬಿಟ್ಟು, ಓದು ನಿಂತು, ದಾಖಲೆಗಾಗಿ ಅಲೆದು, ಎಲ್ಲ ಒಂದು ಹದಕ್ಕೆ ಬರುವ ಹೊತ್ತಿಗೆ ಟ್ರಾನ್ಸ್ ಅಭ್ಯರ್ಥಿಗೆ ಇಪ್ಪತ್ತಮೂರು ಇಪ್ಪತ್ನಾಲ್ಕು ಆಗಿರುವುದೇ ಹೆಚ್ಚು.

ಕಾಗದಪತ್ರ: ಹೆಚ್ಚಿನ ಅರ್ಜಿಗಳು ಬೀಳುವುದು ಇಲ್ಲೇ

2019ರ ಟ್ರಾನ್ಸ್‌ಜೆಂಡರ್ ಕಾಯ್ದೆಯಡಿ ಬಂದ 2020ರ ನಿಯಮಗಳ ಪ್ರಕಾರ ಗುರುತಿನ ಪ್ರಮಾಣಪತ್ರ ಪಡೆಯುವ ಕ್ರಮ ಹೀಗೆ. ಒಂದೇ ಜಿಲ್ಲೆಯಲ್ಲಿ ಅರ್ಜಿಯ ಹಿಂದಿನ ಒಂದು ವರ್ಷ ಸತತ ವಾಸವಿರಬೇಕು. ರಾಷ್ಟ್ರೀಯ ಪೋರ್ಟಲ್‌ನಲ್ಲಿ ನಮೂನೆ 1ರ ಅರ್ಜಿ, ನಮೂನೆ 2ರ ಅಫಿಡವಿಟ್. ಜಿಲ್ಲಾಧಿಕಾರಿ 30 ದಿನದೊಳಗೆ ಗುರುತಿನ ಪ್ರಮಾಣಪತ್ರ ಕೊಡಬೇಕು, ಅದಾದ 15 ದಿನದಲ್ಲಿ ಗುರುತಿನ ಚೀಟಿ. ಇದಕ್ಕೆ ವೈದ್ಯಕೀಯ ತಪಾಸಣೆ ಬೇಡ ಎಂದು ಆ ನಿಯಮಗಳಲ್ಲಿದೆ. ಇದು ಕಾಯ್ದೆಯ 6ನೇ ಸೆಕ್ಷನ್ನಿನ ಪ್ರಮಾಣಪತ್ರ, ಇದರಲ್ಲಿ ‘ಟ್ರಾನ್ಸ್‌ಜೆಂಡರ್’ ಎಂದಿರುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಆಸ್ಪತ್ರೆಯ ಪತ್ರ ಕೊಟ್ಟು 7ನೇ ಸೆಕ್ಷನ್ನಿನಡಿ ‘ಗಂಡು’ ಅಥವಾ ‘ಹೆಣ್ಣು’ ಎಂದು ಪರಿಷ್ಕರಿಸಿಕೊಳ್ಳಬಹುದು. ಕಾನೂನಿಗೆ ತಿದ್ದುಪಡಿ ಬಂದಾಗ ಈ ಹಂತಗಳೂ ಬದಲಾಗುವುದರಿಂದ, ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿರುವ ನಮೂನೆಯನ್ನೇ ನಂಬಿ, ಯಾರೋ ಕಳಿಸಿದ ಹಳೆಯ ಪಿಡಿಎಫ್ ಅನ್ನಲ್ಲ.

ಈ ಎರಡು ಪ್ರಮಾಣಪತ್ರಗಳ ನಡುವೆ ಆಯ್ಕೆ ಇದೆ ಎನ್ನುವುದೇ ಹಲವರಿಗೆ ಹೊಳೆಯುವುದಿಲ್ಲ. ರಾಜ್ಯದ ಶೇ 1ರ ಮೀಸಲಾತಿಗೆ ಬೇಕಿರುವುದು ‘ಟ್ರಾನ್ಸ್‌ಜೆಂಡರ್’ ಎಂಬ ಪತ್ರ. ‘ಹೆಣ್ಣು’ ಎಂದು ಪರಿಷ್ಕರಿಸಿಕೊಂಡು ಬಂದರೆ ಪರಿಶೀಲನಾ ಮೇಜಿನಲ್ಲಿ ಕುಳಿತವರು ಮಹಿಳೆಯರ ಪಟ್ಟಿಗೆ ಕಳಿಸಿದರೆ ಆಶ್ಚರ್ಯವಿಲ್ಲ. ಕೇಂದ್ರ ಪಡೆಗಳ ಎರಡೇ ಅಳತೆಯ ಪಟ್ಟಿಗೆ ಹೋಗುವವರಿಗೆ ಇದು ಉಲ್ಟಾ: ಅಲ್ಲಿ ಪರಿಷ್ಕೃತ ಪತ್ರವೇ ಆಸರೆ. ನೇಮಕಾತಿ ನಡೆಯುತ್ತಿರುವಾಗ ಮಧ್ಯದಲ್ಲಿ ಒಂದರಿಂದ ಇನ್ನೊಂದಕ್ಕೆ ಹಾರಬೇಡಿ. ಅರ್ಜಿಯಲ್ಲಿ ಒಂದು, ದಾಖಲೆ ಪರಿಶೀಲನೆಯಲ್ಲಿ ಇನ್ನೊಂದು ಇದ್ದರೆ ಉಳಿದ ಅಂಕ ಎಷ್ಟೇ ಇದ್ದರೂ ಕಡತ ಬದಿಗೆ ಹೋಗುತ್ತದೆ.

ಇನ್ನು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಬಿ’, ಆಧಾರ್‌ನಲ್ಲಿ ‘ಮಂಜುಳಾ ಬಿ’, ಜಾತಿ ಪ್ರಮಾಣಪತ್ರದಲ್ಲಿ ‘ಮಂಜುಳ’, ಬ್ಯಾಂಕಿನಲ್ಲಿ ‘ಬಿ ಮಂಜುಳಾ’. ನಾಲ್ಕು ಕಾಗದ, ನಾಲ್ಕು ಮನುಷ್ಯರು. ಸರಿಪಡಿಸುವ ಕ್ರಮ ಮೇಲಿಂದ ಕೆಳಗೆ: ಮೊದಲು ಜಿಲ್ಲಾಧಿಕಾರಿ ಪ್ರಮಾಣಪತ್ರದಲ್ಲೇ ಹೊಸ ಹೆಸರು ಅಕ್ಷರ ಬಿಡದೆ ಬರೆಸಿ, ಅದನ್ನಿಟ್ಟು ಆಧಾರ್, ಆಧಾರ್ ಇಟ್ಟು ಪ್ಯಾನ್ ಮತ್ತು ಬ್ಯಾಂಕ್, ಆಮೇಲೆ ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರ. ಅಂಕಪಟ್ಟಿ ಕೊನೆಗೆ, ಏಕೆಂದರೆ ಅದೇ ಹೆಚ್ಚು ಸತಾಯಿಸುವುದು. ಪ್ರಮಾಣಪತ್ರ ತೋರಿಸಿ ಅರ್ಜಿ ಕೊಟ್ಟ 15 ದಿನದಲ್ಲಿ ದಾಖಲೆ ತಿದ್ದಬೇಕು ಎಂದು 2020ರ ನಿಯಮಗಳಲ್ಲಿದೆ, ಶಾಲಾ ದಾಖಲೆಗಳೂ ಅದರ ಪಟ್ಟಿಯಲ್ಲಿವೆ. ಶಾಲೆ ‘ಬೋರ್ಡಿಗೆ ಹೋಗಿ’ ಎನ್ನುತ್ತದೆ, ಬೋರ್ಡು ‘ಶಾಲೆಯಿಂದ ಬರಲಿ’ ಎನ್ನುತ್ತದೆ. ಬಾಯಿಮಾತಿಗೆ ಸಿಕ್ಕಿಕೊಳ್ಳದೆ ಲಿಖಿತ ಅರ್ಜಿ ಕೊಟ್ಟು ಲಿಖಿತ ನಿರಾಕರಣೆ ಕೇಳಿ. ಟ್ರಾನ್ಸ್ ವ್ಯಕ್ತಿಗಳ ಶೈಕ್ಷಣಿಕ ದಾಖಲೆ ತಿದ್ದಲು ಕರ್ನಾಟಕ ಹೈಕೋರ್ಟ್ ಆದೇಶ ಮಾಡಿದೆ. 2024ರ ಡಿಸೆಂಬರ್‌ನಲ್ಲಿ, ಹಳೆಯ ಮತ್ತು ಹೊಸ ಹೆಸರು, ಲಿಂಗ ಎರಡೂ ಇರುವ ಜನನ ಪ್ರಮಾಣಪತ್ರ ಕೊಡಲು ಹೇಳಿದೆ. ತಿದ್ದುಪಡಿ ಮುಗಿಯುವ ಮೊದಲೇ ಅಧಿಸೂಚನೆ ಬಂದರೆ ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಲಗತ್ತಿಸಿ, ಅರ್ಜಿಯಲ್ಲಿ ಮಾತ್ರ ಅಂಕಪಟ್ಟಿಯ ಹೆಸರನ್ನೇ ಹಾಕಿ.

ಮೈದಾನಕ್ಕೆ ಇಳಿಯುವ ದೇಹ

ಈಸ್ಟ್ರೋಜನ್ ಮತ್ತು ಟೆಸ್ಟೋಸ್ಟಿರಾನ್ ತಡೆಯುವ ಮಾತ್ರೆ ಶುರುಮಾಡಿದ ಮೂರು ನಾಲ್ಕು ತಿಂಗಳಲ್ಲಿ ಹಿಮೋಗ್ಲೋಬಿನ್ ಹೆಂಗಸರ ಮಟ್ಟಕ್ಕೆ ಇಳಿಯುತ್ತದೆ. ಸ್ನಾಯುಬಲ ನಿಧಾನವಾಗಿ, ವರ್ಷಗಟ್ಟಲೆ ಇಳಿಯುತ್ತದೆ. ಆದ್ದರಿಂದ ಗುಂಡು ಎಸೆತ ಮೊದಲಿನಂತೆಯೇ ಇದ್ದು, 1,600 ಮೀಟರ್ ಓಟ ಮಾತ್ರ ಇದ್ದಕ್ಕಿದ್ದಂತೆ ಭಾರವಾಗುತ್ತದೆ. ಹಾರ್ಮೋನು ಶುರುಮಾಡಿದವರು ಹಳೆಯ ಸ್ಟಾಪ್‌ವಾಚ್ ಲೆಕ್ಕ ನಂಬದೆ ಪ್ರತಿ ಎರಡು ವಾರಕ್ಕೊಮ್ಮೆ ಪೂರ್ತಿ ದೂರ ಓಡಿ ಸಮಯ ಬರೆದಿಡಿ. ಟೆಸ್ಟೋಸ್ಟಿರಾನ್ ತಡೆಯಲು ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರು ಇನ್ನಷ್ಟು ಎಚ್ಚರ: ಅದು ಮೂತ್ರ ಹೆಚ್ಚಿಸುವ ಮಾತ್ರೆ, ರಕ್ತದೊತ್ತಡ ಇಳಿಸುತ್ತದೆ, ಪೊಟ್ಯಾಸಿಯಂ ಏರಿಸುತ್ತದೆ. ಬೆಳಿಗ್ಗೆ ಐದಕ್ಕೇ ಮೈದಾನದಲ್ಲಿ ಸಾಲು ನಿಂತು, ನೀರು ಕುಡಿಯದೆ, ಹನ್ನೊಂದರ ಬಿಸಿಲಿಗೆ ಓಡಿ ಕುಸಿಯುವುದು ಹೀಗೆ. ಎಳನೀರು ಪೊಟ್ಯಾಸಿಯಂ ತುಂಬಿದ ಪಾನೀಯ, ಈ ಮಾತ್ರೆಯ ಜೊತೆ ಚೊಂಬುಗಟ್ಟಲೆ ಕುಡಿಯುವಂಥದ್ದಲ್ಲ. ಹಾಗೆಂದು ಪರೀಕ್ಷೆಗೆ ನಾಲ್ಕು ದಿನ ಮೊದಲು ಸ್ವಂತ ಬುದ್ಧಿಯಿಂದ ಮಾತ್ರೆ ನಿಲ್ಲಿಸುವುದೂ ಬೇಡ, ವೈದ್ಯರನ್ನು ಕೇಳಿ.

ಟ್ರಾನ್ಸ್ ಪುರುಷರು ಬೈಂಡರ್ (ಎದೆ ಚಪ್ಪಟೆಯಾಗಿ ಕಾಣಲು ತೊಡುವ ಒಳ ಉಡುಪು) ಬಿಗಿದುಕೊಂಡು ಓಡಬಾರದು. ಪಕ್ಕೆಲುಬು ಹಿಗ್ಗದೆ ಉಸಿರು ಕಟ್ಟುತ್ತದೆ, ಎದೆ 5 ಸೆಂಟಿಮೀಟರ್ ಹಿಗ್ಗಿಸಿ ತೋರಿಸಬೇಕಾದಾಗ ಅದೇ ಅಡ್ಡ. ಬಿಗಿಯಾದ ಸ್ಪೋರ್ಟ್ಸ್ ಬ್ರಾ ಸಾಕು. ಎದೆಯ ಶಸ್ತ್ರಚಿಕಿತ್ಸೆ ಆಗಿದ್ದರೆ ಗುಂಡು ಎಸೆಯುವ ಮೊದಲು ಒಂದೂವರೆ ತಿಂಗಳಾದರೂ ಬಿಡಿ. ಕೆಳಭಾಗದ ಶಸ್ತ್ರಚಿಕಿತ್ಸೆಯಾದರೆ ಓಟ, ಜಿಗಿತ ಶುರುಮಾಡಲು ಸಾಮಾನ್ಯವಾಗಿ ಮೂರು ತಿಂಗಳ ಮೇಲೆಯೇ ಬೇಕು.

ಸೆಕೆಂಡಿನ ಬೆಲೆ ತಿಳಿಯಲು ತಮಿಳುನಾಡಿನ ಪೃಥಿಕಾ ಯಾಶಿನಿ ಪ್ರಕರಣ ಸಾಕು. 100 ಮೀಟರ್ ಓಟದಲ್ಲಿ ಸುಮಾರು 1.1 ಸೆಕೆಂಡ್ ತಡವಾಯಿತೆಂದು ಅವರನ್ನು ಕೈಬಿಟ್ಟಿದ್ದರು. 2015ರ ನವೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಅವರ ಪರ ನಿಂತಿತು, 2017ರಲ್ಲಿ ಅವರು ಸಬ್ ಇನ್‌ಸ್ಪೆಕ್ಟರ್ ಆದರು. ಗೆದ್ದದ್ದು ಸರಿ, ಆದರೆ ಎಲ್ಲರ ಬಳಿಯೂ ಹೈಕೋರ್ಟಿಗೆ ಅಲೆಯುವ ಶಕ್ತಿ, ಸಮಯ ಇರುವುದಿಲ್ಲ.

ಗಡಿಯಾಚೆ

ಬೇರೆ ರಾಜ್ಯಗಳತ್ತ ನೋಡಿದರೆ ರಾಜ್ಯ ಪೊಲೀಸೇ ಮುಂದೆ ಎಂಬುದು ಇನ್ನೂ ಸ್ಪಷ್ಟ. ಛತ್ತೀಸಗಢ 2021ರಲ್ಲಿ 13 ಟ್ರಾನ್ಸ್ ಕಾನ್‌ಸ್ಟೆಬಲ್‌ಗಳನ್ನು ತೆಗೆದುಕೊಂಡಿತು, ಮರುವರ್ಷ ನಕ್ಸಲ್ ಪ್ರದೇಶದ ‘ಬಸ್ತರ್ ಫೈಟರ್ಸ್’ಗೆ 9 ಮಂದಿ ಆಯ್ಕೆಯಾದರು. ಯುದ್ಧದಂಥ ಕೆಲಸಕ್ಕೆ ಇವರು ಆಗುವುದಿಲ್ಲ ಎನ್ನುವವರಿಗೆ ಉತ್ತರ ಬಸ್ತರ್‌ನ ಕಾಡಿನಲ್ಲಿದೆ. ಬಿಹಾರದಲ್ಲಿ 2024ರಲ್ಲಿ ಮೂವರು ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಆಯ್ಕೆಯಾದರು. ಹೈದರಾಬಾದ್‌ನಲ್ಲಿ 2024ರ ಕೊನೆಗೆ ಟ್ರಾಫಿಕ್ ಸಹಾಯಕರಾಗಿ ಸೇರಿದವರದ್ದು ಬೇರೆ ಜಾತಿಯ ಕೆಲಸ: ಸಮವಸ್ತ್ರವಿದೆ, ಆದರೆ ಅದು ಹೋಮ್ ಗಾರ್ಡ್ ಮಾದರಿಯ ಭತ್ಯೆಯ ಕೆಲಸ, ಕಾಯಂ ಪೊಲೀಸ್ ಹುದ್ದೆಯಲ್ಲ. ಹಸಿವಿಗೆ ಆದೀತು, ಕಾನ್‌ಸ್ಟೆಬಲ್ ಪರೀಕ್ಷೆಗೆ ಬದಲಿಯಾಗದು.

ವಿದೇಶದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳಿಗೆ ನಕ್ಷೆಯೇ ಬೇರೆ. ಕೆನಡಾದ ಸೇನೆ 1992ರಿಂದ ತೆರೆದಿದೆ, 2022ರಿಂದ ಅಲ್ಲಿನ ಕಾಯಂ ನಿವಾಸಿಗಳೂ ಸೇರಬಹುದು. ಆಸ್ಟ್ರೇಲಿಯಾ 2010ರಲ್ಲಿ ತೆರೆಯಿತು. ಅಮೆರಿಕದ್ದು ತಿರುಗುಬಾಗಿಲು: 2016ರಲ್ಲಿ ತೆರೆದು, 2019ರಲ್ಲಿ ಮುಚ್ಚಿ, 2021ರಲ್ಲಿ ಮತ್ತೆ ತೆರೆದು, 2025ರ ಜನವರಿ 27ರ ಆದೇಶದಿಂದ ಮತ್ತೆ ಮುಚ್ಚಿತು. ಆ ವರ್ಷ ಮೇ 6ರಂದು ಅಲ್ಲಿನ ಸುಪ್ರೀಂ ಕೋರ್ಟ್, ವ್ಯಾಜ್ಯ ನಡೆಯುತ್ತಿರುವಾಗಲೇ ನಿಷೇಧ ಜಾರಿಯಾಗಲು ಬಿಟ್ಟಿತು.

ಸೇರಿದ ಮೊದಲ ವಾರ

ನೇಮಕ ಪತ್ರ ಕೈಗೆ ಬಂದ ಮೇಲೆ ಮೊದಲ ತೊಡಕು ತರಬೇತಿ ಶಾಲೆಯ ವಸತಿ. ಪುರುಷರ ಬ್ಯಾರಕ್ಕೋ ಮಹಿಳೆಯರದ್ದೋ, ಸ್ನಾನ ಎಲ್ಲಿ, ಪರೇಡಿಗೆ ಯಾವ ಸಮವಸ್ತ್ರ, ಕೂದಲು ಎಷ್ಟು ಉದ್ದ. ವರದಿ ಮಾಡಿಕೊಳ್ಳುವ ದಿನಕ್ಕಿಂತ ಮೊದಲೇ ಪ್ರಾಂಶುಪಾಲರಿಗೆ ಪತ್ರ ಬರೆದು ಈ ನಾಲ್ಕನ್ನೂ ಕೇಳಿ. 2020ರ ನಿಯಮಗಳಂತೆ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. ಎಲ್ಲ ಲಿಂಗದವರೂ ಬಳಸಬಹುದಾದ ಶೌಚಾಲಯ, ಸುರಕ್ಷತೆ, ದೂರು ಅಧಿಕಾರಿಯ ವಿವರ ಅದರಲ್ಲಿರಬೇಕು. ದೂರು ಬಂದರೆ 15 ದಿನದಲ್ಲಿ ವಿಚಾರಣೆ ಮುಗಿಯಬೇಕು. ನಿಯಮಿತವಾಗಿ ತೆಗೆದುಕೊಳ್ಳುವ ಮಾತ್ರೆ ಅಥವಾ ಚುಚ್ಚುಮದ್ದಿನ ವೈದ್ಯರ ಚೀಟಿಯನ್ನು ಮೊದಲ ದಿನವೇ ಘಟಕದ ವೈದ್ಯಾಧಿಕಾರಿಗೆ ಕೊಟ್ಟು ನಕಲಿಗೆ ಮುದ್ರೆ ಹಾಕಿಸಿಕೊಳ್ಳಿ. ಟ್ರಂಕ್ ತಪಾಸಣೆಯಲ್ಲಿ ಸಿರಿಂಜ್ ಸಿಕ್ಕರೆ ಮೊದಲು ಹುಟ್ಟುವುದು ಬೇರೆಯೇ ಅನುಮಾನ. ಎರಡು ವರ್ಷದ ಪ್ರೊಬೇಷನ್ ಮುಗಿಯುವವರೆಗೂ ಆ ಮುದ್ರೆಯ ಕಾಗದ ಟ್ರಂಕಿನ ಮುಚ್ಚಳದೊಳಗೇ ಅಂಟಿಸಿರಲಿ.